ತಜಂಕ್ ಇದ್ದಷ್ಟು ದಿನ

ಗೆಳತಿಯರೇ, ರೈತಸಂತೆಯಲ್ಲಿ ತಿಂಡಿ ಸ್ಟಾಲ್ ಇಡುವವರು ಮೊದಲು ಸೊಪ್ಪಿನ ಬುಟ್ಟಿ ನೋಡಿ, ಆಮೇಲೆ ಮೆನು ಬರೆಯಿರಿ. ಮುಂಬಯಿಯಲ್ಲಿ ಮಳೆ ಹಿಡಿಯುತ್ತಲೇ ಪಾಲ್ಘರ್, ಕರ್ಜತ್ ಕಡೆಯ ಹೆಂಗಸರು ಕಾಡುಸೊಪ್ಪು ತರುತ್ತಾರೆ. ಅವರ ಟಾಕಳಾ ಎಂದರೆ ನಮ್ಮೂರಿನ ತಜಂಕ್. ಕೆಸುವಿನೆಲೆ ವರ್ಷವಿಡೀ ಸಿಕ್ಕೀತು. ತಜಂಕಿನ ಚಿಗುರು ಕೆಲವೇ ವಾರ, ಬಲಿತರೆ ಕಹಿ. ನೆನೆಸಿದ ಅಕ್ಕಿ, ತೊಗರಿಬೇಳೆಯನ್ನು ತೆಂಗಿನತುರಿ, ಒಣಮೆಣಸು, ಹುಣಸೆ, ಇಂಗಿನೊಂದಿಗೆ ತರಿಯಾಗಿ ರುಬ್ಬಿ ಅಂಬಡೆ ಕರಿಯಿರಿ. ಹೆಚ್ಚಿದ ಸೊಪ್ಪನ್ನು ಕರಿಯುವ ಹೊತ್ತಿಗೇ ಸೇರಿಸಿ. ಮೊದಲೇ ಕಲಸಿದರೆ ನೀರು ಬಿಟ್ಟು ಎಣ್ಣೆ ಕುಡಿಯುತ್ತದೆ. ಸೊಪ್ಪು ಮಾರುವಾಕೆಯೊಡನೆ ಹತ್ತು ರೂಪಾಯಿಗೆ ಚೌಕಾಸಿ ಬೇಡ. ನಮ್ಮ ಪ್ಲೇಟಿನ ದರ ನಾವೇ ಬರೆಯುತ್ತೇವೆ. ನಸುಕಿನ ಲೋಕಲ್ ಹಿಡಿದು ಬಂದವಳಿಗೆ ಆ ಅನುಕೂಲವಿಲ್ಲ. ಸೊಪ್ಪು ಮುಗಿದ ಮೇಲೆ ಪಾಲಕ್ ಹಾಕಿ ಅದೇ ಹೆಸರಲ್ಲಿ ಮಾರಬೇಡಿ, ಬೋರ್ಡಿನಿಂದ ಅಳಿಸಿಬಿಡಿ. ಚಳಿಗಾಲದಲ್ಲಿ ಕೇಳಿಕೊಂಡು ಬಂದವರಿಗೆ ಅವರೆಕಾಳಿನ ಉಸಲಿ ಕೊಡಿ.