ಬಾಯಿ ಕಟ್ಟಿದರೂ ಇಳಿಯದ ಶುಗರ್



ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ಏನು ಹೇಳುತ್ತಾರೆ ಅಂತ ನಿಮಗೆ ಗೊತ್ತು. "ಅನ್ನ ಕಡಿಮೆ ಮಾಡಿ, ವಾಕಿಂಗ್ ಹೋಗಿ." ಒಳ್ಳೆಯ ಮಾತೇ. ಆದರೆ ಪಥ್ಯ ಮಾಡಿ, ನಡೆದು, ಮಾತ್ರೆ ನುಂಗಿದರೂ ಶುಗರ್ ಇಳಿಯದಿದ್ದಾಗ ಇನ್ನೊಂದು ಮಾತು ಬರುತ್ತದೆ: "ಬಾಯಿ ಕಟ್ಟೋದಿಲ್ಲ, ಅದಕ್ಕೇ ಹೀಗೆ." ಈ ಮಾತು ಎಲ್ಲರ ವಿಷಯದಲ್ಲೂ ನಿಜವಲ್ಲ.

ಟೈಪ್ 2ರಲ್ಲಿ ದೇಹದಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಟೈಪ್ 1ರಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇದೇ ನಾಶ ದೊಡ್ಡವರಲ್ಲಿ, ಸಾಮಾನ್ಯವಾಗಿ 30 ದಾಟಿದ ಮೇಲೆ, ನಿಧಾನವಾಗಿ ನಡೆದರೆ ಅದಕ್ಕೆ ಲಾಡಾ ಎನ್ನುತ್ತಾರೆ. ಕೆಲವರು ಟೈಪ್ 1.5 ಅಂತಲೂ ಕರೆಯುತ್ತಾರೆ. ಮೊದಲ ಕೆಲವು ತಿಂಗಳು, ಕೆಲವರಿಗೆ ಕೆಲವು ವರ್ಷ, ಇನ್ಸುಲಿನ್ ಇಲ್ಲದೆಯೂ ನಡೆಯುವುದರಿಂದ ಇದನ್ನು ಟೈಪ್ 2 ಎಂದೇ ತಿಳಿಯುವುದು ಸುಲಭ.

ಅನುಮಾನ ಯಾವಾಗ ಬರಬೇಕು? ತೂಕ ತಾನಾಗಿ ಇಳಿಯುತ್ತಿದ್ದರೆ, ಮಾತ್ರೆ ಹೆಚ್ಚಿಸಿದರೂ ಸಕ್ಕರೆ ಏರುತ್ತಲೇ ಇದ್ದರೆ, ಅವರಿಗೋ ಹತ್ತಿರದ ಸಂಬಂಧಿಕರಿಗೋ ಥೈರಾಯ್ಡ್‌ನಂಥ ಆಟೊಇಮ್ಯೂನ್ ಕಾಯಿಲೆ ಇದ್ದರೆ. ಆದರೆ ಮೈಕಟ್ಟು ನೋಡಿ ನಾವೇ ತೀರ್ಮಾನಿಸಬಾರದು. ನಮ್ಮ ಜನರಲ್ಲಿ ತೆಳ್ಳಗಿರುವವರಿಗೂ ಟೈಪ್ 2 ಬರುತ್ತದೆ, ದಪ್ಪಗಿರುವವರಿಗೂ ಲಾಡಾ ಬರಬಹುದು. ಹೇಳಬೇಕಾದದ್ದು ರಕ್ತಪರೀಕ್ಷೆ. ಗ್ಯಾಡ್ ಆಂಟಿಬಾಡಿ ಪರೀಕ್ಷೆ ಆ ಒಳಗಿನ ದಾಳಿಯ ಗುರುತು ಹುಡುಕುತ್ತದೆ. ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂಬುದನ್ನು ಸಿ-ಪೆಪ್ಟೈಡ್ ಪರೀಕ್ಷೆ ತೋರಿಸುತ್ತದೆ.

ಇದನ್ನು ನಿಮಗೇ ಯಾಕೆ ಹೇಳುತ್ತಿದ್ದೇನೆ? ಅಪ್ಪ ಅಮ್ಮನ ಜೊತೆ ಡಾಕ್ಟರ್ ಹತ್ತಿರ ಹೋಗಿ, ಅಲ್ಲಿಯ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಎಷ್ಟೋ ಮನೆಗಳಲ್ಲಿ ನೀವೇ. ದೊಡ್ಡವರು "ಡಾಕ್ಟರಿಗೆ ಎದುರು ಮಾತಾಡಬಾರದು" ಅಂತ ಸುಮ್ಮನಿರುತ್ತಾರೆ. ನೀವು ವಿನಯದಿಂದ ಕೇಳಿ: "ಇದು ಲಾಡಾ ಇರಬಹುದೇ? ಆಂಟಿಬಾಡಿ ಪರೀಕ್ಷೆ ಮಾಡಿಸೋಣವೇ?" ಕೇಳಿದರೆ ತಪ್ಪೇನಿಲ್ಲ.

"ಇನ್ಸುಲಿನ್ ಅಂದರೆ ಕೊನೇ ಹಂತ" ಎಂಬ ಭಯ ನಮ್ಮವರಲ್ಲಿ ಬಹಳ. ಲಾಡಾ ಇರುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಇನ್ಸುಲಿನ್ ಬೇಕಾಗುತ್ತದೆ. ದೇಹ ತಯಾರಿಸಲಾಗದ್ದನ್ನು ಹೊರಗಿನಿಂದ ಕೊಡುವುದು, ಅಷ್ಟೇ. ಅದು ಅವರ ಸೋಲಲ್ಲ ಅಂತ ತಿಳಿಸಿ ಹೇಳಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲು ಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಬಾಯಾರಿಕೆ ಒಟ್ಟಿಗೆ ಬಂದರೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಇನ್ನು ಮುಂದೆ ಊಟದ ಹೊತ್ತಿನಲ್ಲಿ ಯಾರಾದರೂ "ಬಾಯಿ ಕಟ್ಟೋದಿಲ್ಲ" ಅಂತ ಹಂಗಿಸಿದರೆ, ತಟ್ಟೆ ನೋಡುವ ಮೊದಲು ರಿಪೋರ್ಟ್ ನೋಡೋಣ ಅನ್ನಿ.