ಒಬ್ಬ ನರ್ಸಿಗೆ ಎಷ್ಟು ರೋಗಿಗಳು?



ಪಿಯುಸಿ ಫಲಿತಾಂಶ ಬಂತೆಂದರೆ ನನ್ನಂಥ ನರ್ಸಿಂಗ್ ಶಿಕ್ಷಕಿಯರಿಗೆ ಫೋನುಗಳು ಶುರುವಾಗುತ್ತವೆ. “ಮೇಡಂ, ಮಗಳಿಗೆ ನರ್ಸಿಂಗ್ ಕೊಡಿಸೋಣ ಅಂತಿದ್ದೀವಿ. ಕೆಲಸ ಸಿಗುತ್ತಾ? ಸಂಬಳ ಎಷ್ಟು ಬರುತ್ತೆ? ಫಾರಿನ್ನಿಗೆ ಹೋಗಬಹುದಾ?” ಮೂರೂ ನ್ಯಾಯವಾದ ಪ್ರಶ್ನೆಗಳೇ. ಸಾಲ ಮಾಡಿ ಓದಿಸುವ ಮನೆಯವರು ಇದನ್ನಲ್ಲದೆ ಇನ್ನೇನು ಕೇಳಬೇಕು? ಇವತ್ತು ಈ ಮೂರಕ್ಕೂ ನನಗೆ ತಿಳಿದಷ್ಟು ನೇರವಾಗಿ ಉತ್ತರ ಕೊಡುತ್ತೇನೆ. ಜೊತೆಗೆ ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯೊಂದನ್ನೂ ಎತ್ತುತ್ತೇನೆ. ಕೆಲಸಕ್ಕೆ ಸೇರುವ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು? ಉಳಿದ ಮೂರರ ಉತ್ತರವನ್ನು ನಿರ್ಧರಿಸುವುದು ಈ ಪ್ರಶ್ನೆಯೇ ಎಂದು ನಾನು ನಂಬಿದ್ದೇನೆ.

ಮೊದಲು ಕೆಲಸದ ಮಾತು. ನರ್ಸುಗಳ ಅಗತ್ಯ ದೊಡ್ಡದು, ಅದರಲ್ಲಿ ಅನುಮಾನ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ನರ್ಸುಗಳಿದ್ದರು. ಆದರೂ ಇನ್ನೂ 58 ಲಕ್ಷದಷ್ಟು ಕೊರತೆಯಿತ್ತು. ನಮ್ಮ ದೇಶದಲ್ಲಿ ಸಾವಿರ ಜನರಿಗೆ 3 ನರ್ಸುಗಳಿರಬೇಕು ಎಂದು ಹೇಳುತ್ತ ಬಂದಿದ್ದೇವೆ. ಇರುವುದು ಸುಮಾರು 2. ಈ ಕೊರತೆಯನ್ನು ತುಂಬಲೆಂದೇ ಕೇಂದ್ರ ಸರ್ಕಾರ 2023ರಲ್ಲಿ ಮೆಡಿಕಲ್ ಕಾಲೇಜುಗಳಿಗೆ ಹೊಂದಿಕೊಂಡಂತೆ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕವಂತೂ ನರ್ಸಿಂಗ್ ಓದಿನ ದೊಡ್ಡ ಕೇಂದ್ರ. ಬೆಂಗಳೂರು, ಮಂಗಳೂರಿನ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬಂದು ಸೇರುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಇಷ್ಟು ಕೊರತೆಯಿದ್ದರೆ ಸಂಬಳ ತಾನಾಗಿ ಏರಬೇಕಿತ್ತಲ್ಲ, ಏಕೆ ಏರಿಲ್ಲ? ಕಾರಣ ಇಷ್ಟೆ. ರೋಗಿಗಳಿಗೆ ಬೇಕಾದ ನರ್ಸುಗಳ ಸಂಖ್ಯೆ ಬೇರೆ, ಆಸ್ಪತ್ರೆ ನೇಮಿಸಿಕೊಳ್ಳುವ ಸಂಖ್ಯೆ ಬೇರೆ. ಮೂವರ ಕೆಲಸವನ್ನು ಒಬ್ಬಳಿಂದ ಮಾಡಿಸಿಕೊಳ್ಳಲು ಅವಕಾಶ ಇರುವವರೆಗೆ ಉಳಿದ ಇಬ್ಬರು ಕೆಲಸ ಹುಡುಕುತ್ತ ಹೊರಗೇ ಇರುತ್ತಾರೆ. ಹೊರಗೆ ಕಾಯುವವರು ಇರುವುದರಿಂದ ಒಳಗಿರುವವಳ ಸಂಬಳವೂ ಏರುವುದಿಲ್ಲ.

ವಾರ್ಡಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸರ್ಜಿಕಲ್ ವಾರ್ಡು, ರಾತ್ರಿ ಎರಡು ಗಂಟೆ. ಬೆಳಿಗ್ಗೆ ಹೊಟ್ಟೆಯ ಆಪರೇಷನ್ ಆದ ಒಬ್ಬ ರೋಗಿ ಕಣ್ಣುಮುಚ್ಚಿ ಮಲಗಿದ್ದಾನೆ. ಪಕ್ಕದಲ್ಲಿ ಕೂತ ಹೆಂಡತಿಗೆ ಅವನು ನಿದ್ದೆ ಮಾಡುತ್ತಿರುವಂತೆ ಕಾಣುತ್ತದೆ. ನೈಟ್ ಡ್ಯೂಟಿಯ ಸಿಸ್ಟರ್ ಚಾರ್ಟು ನೋಡುತ್ತಾಳೆ. ಹತ್ತು ಗಂಟೆಗೆ ನಾಡಿ 84 ಇತ್ತು, ಹನ್ನೆರಡಕ್ಕೆ 98, ಈಗ 114. ಬಿಪಿ ಇನ್ನೂ ಅಂಥದ್ದೇನೂ ಇಳಿದಿಲ್ಲ. ಆದರೆ ಮೂತ್ರದ ಚೀಲದಲ್ಲಿ ಕಳೆದ ಎರಡು ತಾಸಿನಿಂದ ಏನೂ ಹೆಚ್ಚಿಲ್ಲ. ಅಂಗೈ ಮುಟ್ಟಿದರೆ ತಣ್ಣಗಿದೆ, ಹಣೆಯಲ್ಲಿ ಬೆವರು. ಒಳಗೆ ಎಲ್ಲೋ ರಕ್ತ ಸೋರುತ್ತಿರಬಹುದು ಎಂದು ಅವಳಿಗೆ ಹೊಳೆಯುತ್ತದೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತಾಳೆ. ಅವರು ಬರುವಷ್ಟರಲ್ಲಿ ಕ್ಯಾನುಲಾ ಸರಿಯಾಗಿದೆಯೇ ನೋಡಿ, ರೋಗಿಯ ರಕ್ತದ ಗುಂಪಿನ ಚೀಟಿ ಹುಡುಕಿ ಇಟ್ಟುಕೊಂಡಿರುತ್ತಾಳೆ. ಬಿಪಿ ಕುಸಿದ ಮೇಲೆ ಗೊತ್ತಾಗಿದ್ದರೆ ತಡವಾಗುತ್ತಿತ್ತು. ನಾಲ್ಕು ವರ್ಷ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ ಓದುವುದು ಈ ಒಂದು ಗಳಿಗೆಗಾಗಿ.

ಈಗ ಅದೇ ವಾರ್ಡಿನಲ್ಲಿ ಅವಳೊಬ್ಬಳೇ ಮೂವತ್ತು ರೋಗಿಗಳನ್ನು ನೋಡಿಕೊಳ್ಳಬೇಕು ಎಂದುಕೊಳ್ಳಿ. ರೋಗಿಯ ಹೆಸರು ಕೇಳಿ ಖಚಿತ ಮಾಡಿಕೊಳ್ಳುವುದು, ಕೇಸ್ ಶೀಟಿನಲ್ಲಿ ಔಷಧಿ ಮತ್ತು ಪ್ರಮಾಣ ನೋಡುವುದು, ಡ್ರಿಪ್ ಹಾಕಿದ ಕೈ ಊದಿದೆಯೇ ಪರೀಕ್ಷಿಸುವುದು, ಇಂಜೆಕ್ಷನ್ ಕೊಟ್ಟು ಬರೆದಿಡುವುದು. ಒಬ್ಬೊಬ್ಬರಿಗೆ ಹತ್ತೇ ನಿಮಿಷ ಎಂದರೂ ಮೂವತ್ತು ಜನಕ್ಕೆ ಐದು ಗಂಟೆ. ಅಷ್ಟರಲ್ಲಿ ಹೊಸ ಅಡ್ಮಿಷನ್ ಬರುತ್ತದೆ, ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ಶುಗರ್ ಇಳಿದಿರುತ್ತದೆ. ಎರಡು ಗಂಟೆಗೆ ಆ ನಾಡಿ ಹಿಡಿಯಲು ಅವಳಿಗೆ ಪುರುಸೊತ್ತೇ ಇರುವುದಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುವುದು ಅಲ್ಲಿ ಕಂಡುಬಂತು. ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳನ್ನು ನೋಡಿದ 2014ರ ಅಧ್ಯಯನದಲ್ಲೂ ಇದೇ ಬಗೆಯ ಫಲಿತಾಂಶ ಬಂತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದಕ್ಕೆ ಮಿತಿ ಹಾಕುವ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಅಲ್ಲಿ ಮೆಡಿಕಲ್, ಸರ್ಜಿಕಲ್ ವಾರ್ಡುಗಳಲ್ಲಿ ಒಬ್ಬ ನರ್ಸಿಗೆ ಐವರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ.

ನಮ್ಮಲ್ಲೂ ಮಾನದಂಡ ಇದೆ. ಭಾರತೀಯ ನರ್ಸಿಂಗ್ ಪರಿಷತ್ತು ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ರೋಗಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು ಎಂದು ಗೊತ್ತುಮಾಡಿದೆ. ರಜೆಯ ಲೆಕ್ಕಕ್ಕೆ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂದೂ ಹೇಳಿದೆ. ಕಾಗದದ ಮೇಲಿರುವ ಈ ಅಂಕಿ ವಾರ್ಡಿಗೆ ಇಳಿದು ಬಂದ ದಿನ ಇವತ್ತು ಕೆಲಸ ಹುಡುಕುತ್ತಿರುವ ಎಷ್ಟೋ ಮಕ್ಕಳಿಗೆ ಜಾಗ ಸಿಗುತ್ತದೆ.

ಇನ್ನು ಸಂಬಳ. ಒಂದೇ ಪರೀಕ್ಷೆ ಪಾಸಾದ ಇಬ್ಬರು ಗೆಳತಿಯರ ಸಂಬಳದಲ್ಲಿ ಇಷ್ಟು ಅಂತರ ಬೇರೆ ವೃತ್ತಿಗಳಲ್ಲಿ ಕಾಣುವುದು ಕಷ್ಟ. ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್ ಆದವರಿಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900 ರೂಪಾಯಿಯಿಂದ ಶುರು. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ನರ್ಸಿಂಗ್ ಭತ್ಯೆ. ರೈಲ್ವೆ ಆಸ್ಪತ್ರೆಗಳಲ್ಲೂ ಇದೇ ಶ್ರೇಣಿ. ಏಮ್ಸ್‌ಗೆ ನಾರ್ಸೆಟ್ ಎಂಬ ನೇಮಕಾತಿ ಪರೀಕ್ಷೆ ಇದೆ. ಬಿಎಸ್ಸಿ ಆದವರು ನೇರವಾಗಿ, ಜಿಎನ್‌ಎಂ ಡಿಪ್ಲೊಮಾ ಆದವರು 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬರೆಯಬಹುದು. ನಮ್ಮ ಮಕ್ಕಳು ಈ ಪರೀಕ್ಷೆಗೆ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಕೂರಬೇಕು ಎಂಬುದು ನನ್ನ ಬಹುಕಾಲದ ಆಸೆ.

ಅದೇ ಹುಡುಗಿ ಸಣ್ಣ ಊರಿನ ನರ್ಸಿಂಗ್ ಹೋಮಿಗೆ ಸೇರಿದರೆ? ನನ್ನ ವಿದ್ಯಾರ್ಥಿನಿಯರು ಹೇಳುವ ಆರಂಭದ ಸಂಬಳ ಹದಿನೈದು ಸಾವಿರದ ಆಸುಪಾಸಿನದು. ಅದರಲ್ಲಿ ಹಾಸ್ಟೆಲ್ ಬಾಡಿಗೆ ಕೊಟ್ಟು, ವಿದ್ಯಾಭ್ಯಾಸದ ಸಾಲದ ಕಂತು ಕಟ್ಟಿ, ಮನೆಗೆ ಏನು ಕಳಿಸಬೇಕು? ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಹೂಡಿದ ದಾವೆಯಲ್ಲಿ 2016ರ ಜನವರಿಯಲ್ಲಿ ನ್ಯಾಯಾಲಯ ಸಮಿತಿ ರಚಿಸಲು ಹೇಳಿತು. ಆ ಸಮಿತಿಯ ಶಿಫಾರಸನ್ನು ಪ್ರತಿ ತಂದೆ ತಾಯಿಯೂ ತಿಳಿದಿರಬೇಕು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ. 100ರಿಂದ 200 ಹಾಸಿಗೆಯಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು, 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ ತಿಂಗಳಿಗೆ 20,000ಕ್ಕೆ ಇಳಿಯಬಾರದು. ಕೇಂದ್ರ ಇದನ್ನು ರಾಜ್ಯಗಳಿಗೆ ಕಳಿಸಿತು. ಆರೋಗ್ಯ ರಾಜ್ಯದ ವಿಷಯವಾದ್ದರಿಂದ ಜಾರಿಗೆ ತರುವ ಹೊಣೆ ರಾಜ್ಯಗಳದು. ಕೇರಳದ ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ ಅಲ್ಲಿನ ಸರ್ಕಾರ 2018ರಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಪಕ್ಕದ ರಾಜ್ಯದಲ್ಲಿ ಆದದ್ದು ನಮ್ಮಲ್ಲಿ ಆಗಬಾರದು ಎಂದೇನಿಲ್ಲ.

ಮುಂದಿನ ದಾರಿಗಳು ಈಗ ಮೊದಲಿಗಿಂತ ಹೆಚ್ಚಿವೆ. ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿ ನರ್ಸುಗಳೇ ಬಿಪಿ, ಶುಗರ್ ತಪಾಸಣೆ ಮಾಡಿ ಔಷಧಿ ಕೊಡುತ್ತಿದ್ದಾರೆ. ಕ್ರಿಟಿಕಲ್ ಕೇರ್ ನರ್ಸ್ ಪ್ರ್ಯಾಕ್ಟಿಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಇದೆ. ಮನೋರೋಗಿಗಳ ಶುಶ್ರೂಷೆಯಲ್ಲಿ ತರಬೇತಿ ಬೇಕೆಂದರೆ ನಮ್ಮ ನಿಮ್ಹಾನ್ಸ್‌ಗೆ ಸಮನಾದ ಜಾಗ ದೇಶದಲ್ಲಿ ವಿರಳ. ಡಯಾಲಿಸಿಸ್, ಕ್ಯಾನ್ಸರ್, ವೃದ್ಧರ ಆರೈಕೆ ಇವೆಲ್ಲ ಬೆಳೆಯುತ್ತಿರುವ ಕ್ಷೇತ್ರಗಳು. ಗಂಡುಮಕ್ಕಳೂ ಹಿಂಜರಿಯಬೇಕಿಲ್ಲ. ತುರ್ತು ಚಿಕಿತ್ಸೆಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಒಳ್ಳೆಯ ಬ್ರದರ್‌ಗಳಿಗೆ ಯಾವಾಗಲೂ ಬೇಡಿಕೆಯಿದೆ.

ಹೊರದೇಶದ ವಿಚಾರ. ಹೋಗಬಹುದು, ಹೋಗಿ ಹೆಸರು ಮಾಡಿದವರೂ ಬಹಳ ಜನ. ಆದರೆ ಪ್ರತಿ ದೇಶಕ್ಕೂ ಅದರದೇ ಬಾಗಿಲಿದೆ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಅಲ್ಲಿ ಇಳಿದ ಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಅಲ್ಲಿ ಈಚೆಗೆ ಹೊರದೇಶದವರ ನೇಮಕ ಇಳಿದಿದೆ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ. ಜರ್ಮನಿಗೆ ಜರ್ಮನ್ ಭಾಷೆಯ ಬಿ2 ಮಟ್ಟ ಬೇಕು, ಅದಕ್ಕೆ ತಿಂಗಳುಗಟ್ಟಲೆ ಶ್ರದ್ಧೆಯಿಂದ ಕಲಿಯಬೇಕು. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದರೂ ವೀಸಾದ ಸರದಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಕೊಲ್ಲಿ ದೇಶಗಳಿಗೆ ಪರೀಕ್ಷೆಯ ಜೊತೆಗೆ ಅನುಭವ ಪತ್ರವೂ ಪ್ರಮಾಣಪತ್ರಗಳ ಪರಿಶೀಲನೆಯೂ ಬೇಕು.

ಏಜೆಂಟರ ಬಗ್ಗೆ ಎಚ್ಚರ. ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುವವನ ಹತ್ತಿರ ಹೋಗಬೇಡಿ. ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವನ ನೋಂದಣಿ ನೋಡಿ. ಸರ್ಕಾರದ ಕೌಶಲ್ಯ ಇಲಾಖೆಯ ಅಂತಾರಾಷ್ಟ್ರೀಯ ವಲಸೆ ಕೇಂದ್ರವನ್ನು ಮೊದಲು ವಿಚಾರಿಸಿ. ಸಾಲದ ಒತ್ತಡ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2014ರಲ್ಲಿ ಇರಾಕಿನ ಯುದ್ಧದ ನಡುವೆ ಸಿಕ್ಕಿಬಿದ್ದ 46 ಭಾರತೀಯ ನರ್ಸುಗಳು ಸುರಕ್ಷಿತವಾಗಿ ಮನೆಗೆ ಬಂದರು. ಅವರಲ್ಲಿ ಹಲವರ ತಲೆಯ ಮೇಲೆ ಓದಿನ ಸಾಲ, ಪ್ರಯಾಣದ ಸಾಲ ಎರಡೂ ಇದ್ದವು. ಅಂಥ ಜಾಗಕ್ಕೂ ಹೋಗುವ ಒತ್ತಡ ಎಲ್ಲಿಂದ ಹುಟ್ಟುತ್ತದೆ ಎಂದು ಯೋಚಿಸಿದರೆ ಉತ್ತರ ನಮ್ಮ ಊರಿನ ಸಂಬಳದ ಚೀಟಿಯಲ್ಲೇ ಸಿಗುತ್ತದೆ.

ಇಲ್ಲಿರುವ ತಂದೆ ತಾಯಂದಿರಿಗೆ ಕೆಲವು ಮಾತು. ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿಎಸ್ಸಿ, ಕಲೆ ವಾಣಿಜ್ಯ ಓದಿದವರಿಗೂ ಮೂರು ವರ್ಷದ ಜಿಎನ್‌ಎಂ ಇದೆ. ಜಿಎನ್‌ಎಂ ಆದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಬಿಎಸ್ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಮಕ್ಕಳು ಯಾವ ಆಸ್ಪತ್ರೆಯಲ್ಲಿ ಪ್ರಾಯೋಗಿಕ ಕಲಿಯುತ್ತಾರೆ, ಅಲ್ಲಿ ನಿಜವಾಗಿ ಎಷ್ಟು ಹಾಸಿಗೆ ತುಂಬಿರುತ್ತವೆ, ಇವನ್ನು ಖುದ್ದಾಗಿ ಹೋಗಿ ನೋಡಿ. ತರಗತಿಗೆ ಬರದಿದ್ದರೂ ಪರೀಕ್ಷೆಗೆ ಕೂರಿಸುತ್ತೇವೆ ಎನ್ನುವ ಕಡೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಪಾಸಾದ ಕೂಡಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ನೋಂದಣಿ ಇಲ್ಲದೆ ಇಲ್ಲೂ ಕೆಲಸವಿಲ್ಲ, ಹೊರಗೂ ಇಲ್ಲ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ಆಸ್ಪತ್ರೆಯವರ ಕೈಗೆ ಒಪ್ಪಿಸಬೇಡಿ, ನಕಲು ಕೊಟ್ಟರೆ ಸಾಕು. ಮತ್ತು ಮಕ್ಕಳೆ, ಸಂದರ್ಶನದಲ್ಲಿ ಸಂಬಳದ ಜೊತೆ ಇದನ್ನೂ ಧೈರ್ಯವಾಗಿ ಕೇಳಿ: ರಾತ್ರಿ ಪಾಳಿಯಲ್ಲಿ ನನ್ನ ವಾರ್ಡಿನಲ್ಲಿ ಎಷ್ಟು ರೋಗಿಗಳು, ಎಷ್ಟು ಜನ ಸಿಸ್ಟರ್?

ಕೊನೆಯದಾಗಿ, ನರ್ಸಿಂಗ್ ಓದುವ ಮಕ್ಕಳಿಲ್ಲದ ಮನೆಯವರಿಗೆ ನನ್ನ ಮನವಿ. ನೀವು ಒಂದಲ್ಲ ಒಂದು ದಿನ ರೋಗಿಯಾಗಿಯೋ ರೋಗಿಯ ಕಡೆಯವರಾಗಿಯೋ ಆಸ್ಪತ್ರೆಗೆ ಹೋಗುತ್ತೀರಿ. ಆಗ ಡಾಕ್ಟರ ಹೆಸರು, ಸ್ಕ್ಯಾನಿಂಗ್ ಯಂತ್ರ, ರೂಮಿನ ಬಾಡಿಗೆ ವಿಚಾರಿಸುವಂತೆ ವಾರ್ಡಿನ ನರ್ಸುಗಳ ಸಂಖ್ಯೆಯನ್ನೂ ವಿಚಾರಿಸಿ. ರೋಗಿಗಳ ಕಡೆಯವರು ಕೇಳತೊಡಗಿದರೆ ಆಸ್ಪತ್ರೆಗಳು ಉತ್ತರ ಕೊಡಲೇಬೇಕಾಗುತ್ತದೆ. ನಿಮ್ಮ ಶಾಸಕರು ಸಿಕ್ಕಾಗ 2016ರ ಶಿಫಾರಸು ನಮ್ಮ ರಾಜ್ಯದಲ್ಲಿ ಯಾವಾಗ ಪೂರ್ತಿ ಜಾರಿಗೆ ಬರುತ್ತದೆ ಎಂದು ಕೇಳಿ. ಈ ಉಪನ್ಯಾಸ ಏರ್ಪಡಿಸಿದ ಸಂಘವೇ ಒಂದು ಮನವಿಪತ್ರ ಸಿದ್ಧಪಡಿಸುವುದಾದರೆ ಅದನ್ನು ಬರೆಯುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ನರ್ಸಿಗೆ ಸರಿಯಾದ ಸಂಬಳ, ಹೊರಬಲ್ಲಷ್ಟು ರೋಗಿಗಳು ಎರಡೂ ಸಿಕ್ಕರೆ ನಮ್ಮ ಮಕ್ಕಳು ಇಲ್ಲೇ ನಿಲ್ಲುತ್ತಾರೆ, ನಮ್ಮ ರೋಗಿಗಳೂ ಗುಣವಾಗಿ ಮನೆಗೆ ಹೋಗುತ್ತಾರೆ.