ಕಪ್ಪು ಕಾರಿನ ಮೇಲೆ ಬಿಳಿ ಚುಕ್ಕೆ: ತೊಳೆದೇ ಹಾಳು ಮಾಡಿದ ಕಥೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಕೇಳ್ತಾ ಇರೋರಿಗೆ ಇವತ್ತಿನ ಎಪಿಸೋಡ್. ಅದರಲ್ಲೂ ಮನೇಲಿ ಕಪ್ಪು ಅಥವಾ ಕಡುನೀಲಿ ಕಾರು ಇದ್ದರೆ ಪೂರ್ತಿ ಕೇಳ್ರಿ.

ಹೋದ ವರ್ಷ ನನ್ನ ಕಪ್ಪು ಕಾರು ಮಾರೋಕೆ ಇಟ್ಟೆ. ಇಂಜಿನ್ ಚೆನ್ನಾಗಿತ್ತು, ಟೈರ್ ಹೊಸದು, ಸರ್ವಿಸ್ ದಾಖಲೆ ಪೂರ್ತಿ ಇತ್ತು. ಹುಬ್ಬಳ್ಳಿಯಿಂದ ನೋಡೋಕೆ ಬಂದ ಹಿರಿಯರೊಬ್ಬರು ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟರು, ಅಷ್ಟೇ. ತುಂಬಾ ದುಂಡು ದುಂಡು ಬಿಳಿ ಗುರುತು. "ತಮ್ಮಾ, ಗಾಡಿಗೆ ಮೈಲಿಬ್ಯಾನಿ ಬಂದಂಗ ಕಾಣ್ತೈತಲ್ಲ" ಅಂದ್ರು. 12 ಸಾವಿರ ರೂಪಾಯಿ ಕಡಿಮೆ ಕೇಳಿದ್ರು. ಬಿ.ಕಾಂ. ಓದಿದವನು ನಾನು, ಡಿಪ್ರಿಸಿಯೇಷನ್ ಲೆಕ್ಕ ಬರುತ್ತೆ. ನೀರಿನ ಹನಿಗೂ ಒಂದು ಡಿಪ್ರಿಸಿಯೇಷನ್ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಬೇಜಾರಿನ ವಿಷಯ ಏನಂದ್ರೆ, ಆ ಗುರುತು ಬಂದಿದ್ದು ಕಾರು ತೊಳೆಯದೇ ಅಲ್ಲ, ತೊಳೆದು ತೊಳೆದು. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಹಳಿಯಾಳದ ನಮ್ಮನೆ ಅಂಗಳದಲ್ಲಿ, ಬೋರ್ ನೀರಿನ ಪೈಪ್ ಹಿಡಿದು ತೊಳೀತಿದ್ದೆ. ತೊಳೆದು ಹಾಗೇ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗ್ತಿದ್ದೆ.

ಬೋರ್ ನೀರು ನೆಲದೊಳಗಿನ ಕಲ್ಲು ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಹನಿ ಆರಿದಾಗ ನೀರು ಹೋಗುತ್ತೆ, ಲವಣ ಉಳಿಯುತ್ತೆ. ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಇದು. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ. ಅಂದ್ರೆ ಕುಡಿಯೋಕೆ ಪಾಸಾದ ನೀರೂ ಕಾರಿನ ಮೇಲೆ ಕಲೆ ಬಿಡಬಹುದು. ಬಿಳಿ ಕಾರಿಗೂ ಬೀಳುತ್ತೆ, ಆದ್ರೆ ಕಾಣಲ್ಲ. ಕಪ್ಪು ಬಣ್ಣ ಬಿಸಿಲು ಹೀರುತ್ತೆ, ಹನಿ ಬೇಗ ಆರುತ್ತೆ. ಬಿಸಿಯಾದ ಬಣ್ಣದ ಮೇಲೆ ಲವಣ ಕಚ್ಚಿಕೊಳ್ಳುತ್ತೆ.

ನಮ್ಮ ನಾಲ್ಕು ಊರಿನ ನೀರೂ ಒಂದೇ ಅಲ್ಲ. ಹೊಳೆ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು, ಹಾಗಾಗಿ ಕಾಳಿ ನದಿ ನೀರು ನಲ್ಲಿಗೆ ಬರೋ ದಾಂಡೇಲಿ ಮನೆಗಳು ಪುಣ್ಯ ಮಾಡಿದಾವೆ. ಜೋಯಿಡಾದ ಮಳೆ ನೀರಲ್ಲಂತೂ ಲವಣ ಇಲ್ಲದಷ್ಟೇ. ಆದ್ರೆ ಧೂಳು ಕೂತ ಕಾರಿನ ಮೇಲೆ ಸಣ್ಣ ಮಳೆ ಬಂದು ತಕ್ಷಣ ಬಿಸಿಲು ಬಿದ್ರೆ ಅದೂ ಕಲೆನೇ. ನಿಮ್ಮನೆ ನೀರು ಹೇಗಿದೆ ನೋಡ್ಬೇಕಾ? ಬಾಟಲಿಯಲ್ಲಿ ಅರ್ಧ ನೀರು, ಚೂರು ಬಟ್ಟೆ ಸೋಪು ತುರಿದು ಹಾಕಿ ಅಲ್ಲಾಡಿಸ್ರಿ. ನೊರೆ ಬರದೇ ಬಿಳಿ ಗಷ್ಟು ನಿಂತ್ರೆ ಗಡಸು ನೀರು.

ಇನ್ನೊಂದು ದೊಡ್ಡ ತಪ್ಪು ನಾನೇ ಮಾಡಿದ್ದೆ. ಆರ್‌ಓ ಮಷೀನ್‌ನಿಂದ ಹೊರಗೆ ಹೋಗೋ ನೀರು ವೇಸ್ಟ್ ಆಗಬಾರದು ಅಂತ ಬಕೆಟ್ ಹಿಡಿದು ಅದರಲ್ಲೂ ಕಾರು ತೊಳೆದೆ. ಮಷೀನ್ ಒಳ್ಳೆ ನೀರನ್ನ ನಮಗೆ ಕೊಟ್ಟು, ಉಳಿದ ಲವಣವನ್ನೆಲ್ಲಾ ಆ ಬಕೆಟ್‌ಗೆ ತಳ್ಳಿರುತ್ತೆ. ಉಳಿತಾಯ ಅಂದ್ಕೊಂಡು ಮಾಡಿದ್ದೇ ಖರ್ಚಾಯ್ತು.

ಈಗ ಮಾಡೋದು ಹೀಗೆ. ಬಿಸಿಲು ಏರೋ ಮುಂಚೆ, ನೆರಳಲ್ಲಿ. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡ್ತೀನಿ, ಬೆಚ್ಚಗಿದ್ರೆ ಕಾಯ್ತೀನಿ. ಒಂದೊಂದೇ ಭಾಗ ತೊಳೆದು, ಅದು ಆರೋ ಮೊದಲೇ ಮುಂದಿನದಕ್ಕೆ ಹೋಗೋದು. ಕೊನೆಗೆ ಪೈಪಿನ ನಾಝಲ್ ತೆಗೆದು ನೀರನ್ನ ಹಾಳೆ ಥರ ಮೇಲಿಂದ ಕೆಳಗೆ ಹರಿಸಿದ್ರೆ ಹನಿಗಳು ತಾವೇ ಜಾರಿ ಹೋಗ್ತವೆ. ಆಮೇಲೆ ದೊಡ್ಡ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು, ಉಜ್ಜಬಾರದು. ಕನ್ನಡಿ, ಬಾಗಿಲ ಹಿಡಿಕೆ ಸಂದಿಯಿಂದ ಐದು ನಿಮಿಷ ಬಿಟ್ಟು ಮತ್ತೆ ನೀರು ಇಳಿಯುತ್ತೆ, ಅದನ್ನೂ ಒರೆಸ್ರಿ. ಬೋರ್ ನೀರು ತೀರಾ ಗಡಸಾಗಿದ್ರೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ಸಾಕು, ಬಟ್ಟೆ ಒದ್ದೆ ಮಾಡಿ ಕೊನೆ ಒರೆಸುವಿಕೆಗೆ.

ಸೆರಾಮಿಕ್ ಕೋಟಿಂಗ್ ಹಾಕಿಸಿದ್ರೆ ಕಲೆ ಬರಲ್ವಾ ಅಂತ ಕೇಳ್ತಾರೆ. ಬರುತ್ತೆ. ಕೋಟಿಂಗ್ ಮೇಲೆ ನೀರು ಗುಂಡಗೆ ನಿಲ್ಲುತ್ತೆ, ನೋಡೋಕೆ ಚೆಂದ, ಆದ್ರೆ ಆ ಗುಂಡು ಅಲ್ಲೇ ಆರಿದ್ರೆ ಗುರುತು ಇನ್ನೂ ಸ್ಪಷ್ಟ. ಲಾಭ ಏನಂದ್ರೆ ಒರೆಸೋದು ಸುಲಭ.

ಈಗಾಗಲೇ ಕಲೆ ಇದ್ರೆ, ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ತಣ್ಣಗಿರೋ ಬಾನೆಟ್ ಮೇಲೆ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡ್ರಿ. ಒಂದೆರಡು ನಿಮಿಷ ಇಟ್ಟು, ಆರೋಕೆ ಬಿಡದೇ ತೊಳೆದು ಒರೆಸಿ ವ್ಯಾಕ್ಸ್ ಹಾಕ್ರಿ, ಯಾಕಂದ್ರೆ ವಿನೆಗರ್ ಹಳೆ ವ್ಯಾಕ್ಸನ್ನೂ ತೆಗೀಬಹುದು. ಬಾತ್‌ರೂಮ್ ಆ್ಯಸಿಡ್ ಮಾತ್ರ ಕಾರಿನ ಹತ್ತಿರಕ್ಕೂ ಬೇಡ. ಇಷ್ಟು ಮಾಡಿದ್ರೂ ಉಂಗುರ ಉಳಿದ್ರೆ ಅದು ಬಣ್ಣದ ಮೇಲಿನ ಕ್ಲಿಯರ್ ಕೋಟ್‌ಗೇ ಕೊರೆದಿದೆ ಅಂತ. ಆಗ ಮಷೀನ್ ಪಾಲಿಶ್. ಆ ಕೋಟ್ ತಲೆಗೂದಲಿಗಿಂತ ತೆಳು, ಪ್ರತಿ ಪಾಲಿಶ್‌ಗೂ ಸ್ವಲ್ಪ ಸವೆಯುತ್ತೆ, ಹಾಗಾಗಿ ವರ್ಷವರ್ಷ ಮಾಡಿಸೋ ಕೆಲಸ ಅಲ್ಲ.

ನನ್ನ ಕಾರು ಕೊನೆಗೆ 9 ಸಾವಿರ ಕಡಿಮೆಗೆ ಹೋಯ್ತು. ಈಗಿನದು ಕಡುನೀಲಿ. ಅಪ್ಪ ಬಿಳಿ ತಗೋ ಅಂದ್ರು, ನಾನು ಕೇಳ್ಲಿಲ್ಲ. ಆರ್‌ಓ ಬಕೆಟ್ ನೀರಲ್ಲಿ ಅಮ್ಮ ಈಗ ಅಂಗಳ ತೊಳೀತಾರೆ. ನಿಮ್ಮೂರ ನೀರಿನ ಬಾಟಲಿ ಪರೀಕ್ಷೆ ಏನಾಯ್ತು, ವಾಯ್ಸ್ ನೋಟ್ ಕಳಿಸ್ರಿ.